ಹಾಡುವವರೇ ಮಿದುಳಿನ ಬಗ್ಗೆ ಕೇಳಿದಾಗ: ಮಂಗೋಲಿಯಾದ ಕಂಠಗಳು ಮತ್ತು ಸಂಗೀತದ ವಿಜ್ಞಾನ

2015ರ ಜೂನ್‌ನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಲೋಕದ ಎರಡು ದೊಡ್ಡ ಸ್ಪರ್ಧೆಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಡೆದವು. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಬಿಬಿಸಿ ನಡೆಸುವ ಸ್ಪರ್ಧೆಯಲ್ಲಿ ಪ್ರೇಕ್ಷಕರ ಪ್ರಶಸ್ತಿ ಅಮರ್ತುವ್‌ಶಿನ್ ಎಂಖ್‌ಬಾತ್ ಎಂಬ ಬ್ಯಾರಿಟೋನ್ (ಮಧ್ಯಮ ಸ್ಥಾಯಿಯ ಪುರುಷ ಕಂಠದ) ಗಾಯಕನಿಗೆ ಸಂದಿತು. ರಷ್ಯಾದ ಚೈಕಾವ್‌ಸ್ಕಿ ಸ್ಪರ್ಧೆಯಲ್ಲಿ ಅರಿಯೂನ್‌ಬಾತರ್ ಗನ್‌ಬಾತರ್ ಪುರುಷರ ಗಾಯನದ ಮೊದಲ ಬಹುಮಾನ ಗೆದ್ದರು. ಅಷ್ಟೇ ಅಲ್ಲ, ಪಿಯಾನೊ, ಪಿಟೀಲು, ಚೆಲ್ಲೊ ವಾದಕರನ್ನೆಲ್ಲ ದಾಟಿ ಇಡೀ ಸ್ಪರ್ಧೆಯ ಗ್ರ್ಯಾಂಡ್ ಪ್ರಿ ಕೂಡ ಪಡೆದರು. ಇಬ್ಬರೂ ಮಂಗೋಲಿಯಾದವರು. ಎರಡು ವರ್ಷದ ನಂತರ ಕಾರ್ಡಿಫ್‌ನ ಗೀತಗಾಯನ ಪ್ರಶಸ್ತಿಯಲ್ಲೂ ಗನ್‌ಬಾತರ್ ಪಾಲು ಪಡೆದರು; ಅದನ್ನು ಇನ್ನೊಬ್ಬರ ಜೊತೆ ಹಂಚಿಕೊಂಡರು. 2022ರಲ್ಲಿ ಮಿಲಾನ್‌ನ ಲಾ ಸ್ಕಾಲಾ ಒಪೆರಾ ಮಂದಿರದಲ್ಲಿ, ಇಟಲಿಯ ಸಂಯೋಜಕ ವೆರ್ಡಿಯ ರಿಗೊಲೆಟ್ಟೊ ಪಾತ್ರ ಹಾಡಿದವರು ಎಂಖ್‌ಬಾತ್. ವೆರ್ಡಿಯನ್ನು ಮನೆದೇವರಂತೆ ಕಾಣುವ ಇಟಲಿಯ ಶ್ರೋತೃಗಳು ಆ ಪಾತ್ರವನ್ನು ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಲ್ಲಿ ಕಲಿತು ಬಂದ ಕಂಠಕ್ಕೆ ಒಪ್ಪಿಸಿದ್ದರು.

ಮಂಗೋಲಿಯಾದ ಜನಸಂಖ್ಯೆ ಸುಮಾರು 35 ಲಕ್ಷ. ಬೆಂಗಳೂರಿನ ಮೂರನೇ ಒಂದು ಭಾಗದಷ್ಟೂ ಇಲ್ಲ. ಅಷ್ಟು ಸಣ್ಣ ಜನಸಮೂಹದಿಂದ ಇಂಥ ಕಂಠಗಳು ಬರತೊಡಗಿದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಇವರ ಗಂಟಲಲ್ಲಿ ಏನಿದೆ? ಆದರೆ ಗಂಟಲಷ್ಟೇ ನೋಡಿದರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಆ ಗಂಟಲನ್ನು ನಡೆಸುವ ಮಿದುಳಿನಲ್ಲಿ ಏನಾಗಿದೆ ಎಂದೂ ಕೇಳಬೇಕು. ಅದನ್ನು ಕೇಳಲು ಎಲ್ಲರಿಗಿಂತ ಹೆಚ್ಚು ಅರ್ಹರು ಆ ಗಂಟಲು ಇರುವವರೇ ಎಂಬುದು ನನ್ನ ಗಟ್ಟಿ ನಂಬಿಕೆ. ಹಾಡುಗಾರರು ಸಂಶೋಧಕರೂ ಆಗುವ ಈ ದಾರಿ ಎಷ್ಟು ಮುಖ್ಯ ಎನ್ನುವುದಕ್ಕೆ ಮಂಗೋಲಿಯಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುತ್ತಿಲ್ಲ.

ಗಾಳಿ, ಕುರಿಮಾಂಸ ಮತ್ತು ಶಾಲೆ

ಮೊದಲು ಒಂದು ಜನಪ್ರಿಯ ಕಥೆಯನ್ನು ಪಕ್ಕಕ್ಕಿಡಬೇಕು. ಕೊನೆಯಿಲ್ಲದ ಹುಲ್ಲುಗಾವಲು, ಶುದ್ಧ ಗಾಳಿ, ಕುದುರೆಯ ಮೇಲೆ ಕೂತು ದೂರದವರನ್ನು ಕೂಗುವ ರೂಢಿ, ಕುರಿಮಾಂಸದ ಊಟ, ಇದರಿಂದಲೇ ಮಂಗೋಲರಿಗೆ ದೊಡ್ಡ ಕಂಠ ಎನ್ನುವ ಮಾತು ಎಲ್ಲೆಡೆ ಸಿಗುತ್ತದೆ. ಕೇಳಲು ಚೆನ್ನ. ಆದರೆ ದೇಶದ ಹೆಚ್ಚುಕಡಿಮೆ ಅರ್ಧ ಜನ ಇಂದು ಇರುವುದು ಉಲಾನ್‌ಬಾತರ್‌ನಲ್ಲಿ. ಚಳಿಗಾಲದಲ್ಲಿ ಕಲ್ಲಿದ್ದಲ ಹೊಗೆಯಿಂದ ಉಸಿರುಕಟ್ಟುವ ಊರು ಅದು. ಹೊಗೆ ತಾಳಲಾಗದೆ 2019ರಲ್ಲಿ ಸಂಸ್ಕರಿಸದ ಕಲ್ಲಿದ್ದಲನ್ನು ಅಲ್ಲಿ ನಿಷೇಧಿಸಬೇಕಾಯಿತು. ಒಪೆರಾ ಗಾಯಕರು ತಯಾರಾಗುವುದು ಆ ಊರಿನಲ್ಲೇ.

ಅವರನ್ನು ತಯಾರು ಮಾಡಿದ್ದು ಸಂಸ್ಥೆಗಳು. ಕವಿ ದಾಶ್‌ದೋರ್ಜೀನ್ ನಾತ್ಸಗ್‌ದೋರ್ಜ್ 1934ರಲ್ಲಿ ಬರೆದ ಸಂಗೀತ ನಾಟಕವೊಂದು 1940ರ ದಶಕದ ಆರಂಭದಲ್ಲಿ ಪೂರ್ಣ ಪ್ರಮಾಣದ ಒಪೆರಾ ಆಯಿತು. ಸಂಗೀತ ಕೂಡಿಸಿದವರಲ್ಲಿ ಒಬ್ಬರು ಬಿಲೆಗೀನ್ ದಮ್ದಿನ್‌ಸುರೆನ್, ಇನ್ನೊಬ್ಬರು ರಷ್ಯಾದ ಸ್ಮಿರ್ನೊವ್. ಮಂಗೋಲರ ಧಾಟಿ, ಯುರೋಪಿನ ವಾದ್ಯವೃಂದ ಎರಡೂ ಅದರಲ್ಲಿದ್ದವು. 1963ರಲ್ಲಿ ರಾಜ್ಯ ಒಪೆರಾ ಮತ್ತು ಬ್ಯಾಲೆ ರಂಗಮಂದಿರ ಶುರುವಾಯಿತು. ಸೋವಿಯತ್ ಕಾಲದಲ್ಲಿ ಇಲ್ಲಿಯ ಮಕ್ಕಳು ಮಾಸ್ಕೊ, ಲೆನಿನ್‌ಗ್ರಾಡ್, ಸೋಫಿಯಾಗಳಿಗೆ ಹೋಗಿ ಕಲಿತು ಬಂದರು, ಬಂದವರು ಕಲಿಸಿದರು. 1990ರಲ್ಲಿ ವ್ಯವಸ್ಥೆ ಬದಲಾದ ಮೇಲೂ ಗುರುಪರಂಪರೆ ಕಡಿಯಲಿಲ್ಲ. ಎಂಖ್‌ಬಾತ್ ಓದಿದ್ದು ಉಲಾನ್‌ಬಾತರ್‌ನ ಕಲೆ ಮತ್ತು ಸಂಸ್ಕೃತಿ ವಿಶ್ವವಿದ್ಯಾಲಯದಲ್ಲಿ. ಅಂದರೆ ಇದು ಮೂರು ತಲೆಮಾರಿನ ಪಾಠದ ಫಲ.

ಹಾಗಿದ್ದರೆ ಹುಲ್ಲುಗಾವಲಿನ ಹಾಡಿಗೂ ಇದಕ್ಕೂ ಸಂಬಂಧವೇ ಇಲ್ಲವೆ? ಇದೆ ಎಂದೇ ನನಗೆ ಅನಿಸುತ್ತದೆ, ಆದರೆ ಆ ಸಂಬಂಧ ಮಾಂಸದಲ್ಲೂ ಗಾಳಿಯಲ್ಲೂ ಇಲ್ಲ. ಅದು ಎಲ್ಲಿದೆ ಎಂದು ನೋಡಲು ನಿಮ್ಮ ಬಾಯಿಯೇ ಸಾಕು.

ತಂಬೂರಿ ಗೊತ್ತಿದ್ದವರಿಗೆ ಖೂಮಿ ಅಪರಿಚಿತವಲ್ಲ

ಒಂದು ತಗ್ಗು ಶ್ರುತಿ ಹಿಡಿಯಿರಿ. ಶ್ರುತಿ ಕದಲದಂತೆ, ಉಸಿರು ಕಡಿಯದೆ, ‘ಊ’ಯಿಂದ ‘ಈ’ಗೆ ತೀರಾ ನಿಧಾನವಾಗಿ ಜಾರಿ. ತುಟಿ ಗುಂಡಗಿನಿಂದ ಅಗಲಕ್ಕೆ ಬರುವಾಗ, ನಾಲಗೆ ಮೇಲೇರುವಾಗ, ಮೂಲ ಸ್ವರದ ಮೇಲೆ ಸಣ್ಣ ಸಿಳ್ಳೆಯಂಥದ್ದೊಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತುವುದು ಕೇಳಿಸುತ್ತದೆ. ಬಚ್ಚಲಮನೆಯಲ್ಲಿ ಮಾಡಿದರೆ ಇನ್ನೂ ಸ್ಪಷ್ಟ. ಆ ಸಿಳ್ಳೆ ಹೊರಗಿನಿಂದ ಬಂದದ್ದಲ್ಲ. ನೀವು ಹಾಡುವ ಪ್ರತಿ ಸ್ವರದೊಳಗೂ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಸ್ವರಗಳು ಅಡಗಿವೆ. ಜೀವಾಳಿ ದಾರ ಸರಿಯಾಗಿ ಕೂತ ತಂಬೂರಿ ಮೀಟಿದಾಗ, ಯಾರೂ ನುಡಿಸದ ಗಾಂಧಾರವೊಂದು ತಾನೇ ತೇಲಿ ಬರುತ್ತದಲ್ಲ, ನಮ್ಮ ಸಂಗೀತಗಾರರು ಸ್ವಯಂಭೂ ಗಾಂಧಾರ ಎನ್ನುತ್ತಾರಲ್ಲ, ಅದು ಇದೇ. ಷಡ್ಜದ ಐದರಷ್ಟು ಕಂಪನದ ಸ್ವರ.

ಮಂಗೋಲಿಯಾದ ಖೂಮಿ ಗಾಯನ ಆ ಸ್ವಯಂಭೂ ಸ್ವರಗಳನ್ನೇ ಹಿಡಿದು ಪಳಗಿಸುವ ಕಲೆ. ಗಾಯಕ ತಂಬೂರಿಯೂ ತಾನೇ, ಅದರ ಮೇಲಿನ ಕೊಳಲೂ ತಾನೇ. ಪಶ್ಚಿಮ ಮಂಗೋಲಿಯಾದ ಖೋವ್ದ್ ಪ್ರಾಂತ್ಯದ ಚಂದ್‌ಮನ್ ಸೀಮೆಯವರು ಇದನ್ನು ತಮ್ಮ ನೆಲದ ವಿದ್ಯೆ ಎಂದು ಹೇಳಿಕೊಳ್ಳುತ್ತಾರೆ. ಸಿಳ್ಳೆಯಂತೆ ಮೇಲೆ ಹಾರುವ ಬಗೆ ಇಸ್ಗೆರೀ ಖೂಮಿ, ಎದೆಯಾಳದಿಂದ ಗುಡುಗುವ ಬಗೆ ಖಾರ್ಖಿರಾ. ಯುನೆಸ್ಕೊ 2010ರಲ್ಲಿ ಮಂಗೋಲಿಯಾದ ಖೂಮಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಖಾರ್ಖಿರಾಕ್ಕೆ ಹತ್ತಿರದ ದನಿಯನ್ನು ಕೇಳಲು ನಾವು ಬಹಳ ದೂರ ಹೋಗಬೇಕಿಲ್ಲ. ಮೈಸೂರು ಜಿಲ್ಲೆಯ ಹುಣಸೂರಿನ ಬಳಿ ಗುರುಪುರದಲ್ಲಿರುವ ಟಿಬೆಟನ್ನರ ಗ್ಯೂಮೆ ತಾಂತ್ರಿಕ ಮಠದ ಭಿಕ್ಷುಗಳು ಮಂತ್ರಪಠನಕ್ಕೆ ಬಳಸುವ ಆ ಪಾತಾಳದ ದನಿಯಲ್ಲೂ ಒಂದೇ ಗಂಟಲಿನಿಂದ ಒಂದಕ್ಕಿಂತ ಹೆಚ್ಚು ಸ್ವರ ಹೊರಡುತ್ತವೆ.

ಇದು ಹೇಗೆ ಆಗುತ್ತದೆ ಎಂಬುದನ್ನು 2020ರಲ್ಲಿ ಒಂದು ತಂಡ ವಿವರವಾಗಿ ತೋರಿಸಿತು. ಮಂಗೋಲಿಯಾದ ನೆರೆಯ ತುವಾದ ಗಾಯಕರ ದನಿ ದಾಖಲಿಸಿ, ಅವರಲ್ಲೊಬ್ಬರನ್ನು ಎಂಆರ್‌ಐ ಯಂತ್ರದೊಳಗೆ ಹಾಡಿಸಿದರು. ನಮ್ಮ ಬಾಯಿ, ಗಂಟಲ ಕುಹರಗಳಿಗೆ ತಮ್ಮದೇ ಆದ ಕೆಲವು ಅನುರಣನ ಜಾಗಗಳಿವೆ. ಧ್ವನಿಶಾಸ್ತ್ರದಲ್ಲಿ ಅವನ್ನು ಫಾರ್ಮೆಂಟ್ ಎನ್ನುತ್ತಾರೆ. ‘ಆ’ಕಾರ, ‘ಈ’ಕಾರಗಳು ಬೇರೆ ಬೇರೆಯಾಗಿ ಕೇಳುವುದು ಈ ಜಾಗಗಳು ಸರಿದಾಡುವುದರಿಂದ. ತುವಾದ ಗಾಯಕರು ನಾಲಗೆಯನ್ನು ಕೂದಲೆಳೆಯಷ್ಟು ನಿಖರವಾಗಿ ಇಟ್ಟು ಎರಡನೆಯ ಮತ್ತು ಮೂರನೆಯ ಫಾರ್ಮೆಂಟ್‌ಗಳನ್ನು ಒಂದೇ ಕಡೆ ಕೂಡಿಸುತ್ತಾರೆ. ಆಗ 1,500ರಿಂದ 2,000 ಹರ್ಟ್ಸ್ (ಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಕಂಪನ) ಸುತ್ತಲಿನ ಒಂದೇ ಒಂದು ಸ್ವಯಂಭೂ ಸ್ವರ ಉಳಿದವನ್ನೆಲ್ಲ ಅಡಗಿಸಿ ಎದ್ದು ನಿಲ್ಲುತ್ತದೆ.

ಈಗ ಒಪೆರಾ ಕಡೆ ಬನ್ನಿ. ಮೈಕ್ ಇಲ್ಲದೆ, ದೊಡ್ಡ ವಾದ್ಯವೃಂದದ ಎದುರು ನಿಂತ ಒಬ್ಬನ ದನಿ ಕೊನೆಯ ಸಾಲಿಗೆ ತಲುಪುವುದು ಹೇಗೆ? ಸ್ವೀಡನ್ನಿನ ಯೋಹಾನ್ ಸುಂಡ್‌ಬೆರ್ಗ್ 1970ರ ದಶಕದಲ್ಲಿ ಕೊಟ್ಟ ಉತ್ತರ ಇಂದಿಗೂ ನಿಂತಿದೆ. ವಾದ್ಯವೃಂದದ ಬಲವೆಲ್ಲ 500 ಹರ್ಟ್ಸ್‌ನ ಆಸುಪಾಸಿನಲ್ಲಿ. ಮೇಲೇರಿದಂತೆ ಅದು ಇಳಿಯುತ್ತದೆ. ಪಳಗಿದ ಪುರುಷ ಗಾಯಕ ಧ್ವನಿಪೆಟ್ಟಿಗೆಯನ್ನು ಕೆಳಗಿಳಿಸಿ, ಗಂಟಲ ಕೆಳಭಾಗ ಹಿಗ್ಗಿಸಿ, ಮೇಲಿನ ಫಾರ್ಮೆಂಟ್‌ಗಳನ್ನು 3,000 ಹರ್ಟ್ಸ್ ಸುತ್ತ ಗುಂಪುಗೂಡಿಸುತ್ತಾನೆ. ವಾದ್ಯಗಳು ಕಾವಲಿಲ್ಲದೆ ಬಿಟ್ಟ ಬಾಗಿಲಿನಿಂದ ಅವನ ದನಿ ಹೊರಗೆ ದಾಟುತ್ತದೆ.

ಅಂದರೆ ಲಾ ಸ್ಕಾಲಾದ ಬ್ಯಾರಿಟೋನ್ ಮತ್ತು ಚಂದ್‌ಮನ್‌ನ ಕುರಿಗಾಹಿ ಇಬ್ಬರೂ ಮಾಡುವುದು ಫಾರ್ಮೆಂಟ್‌ಗಳನ್ನು ಒಟ್ಟುಗೂಡಿಸುವ ಕೆಲಸವನ್ನೇ. ಮೂಲತತ್ವ ಒಂದು, ಮೈಯಲ್ಲಿ ಮಾಡುವ ಬಗೆ ಪೂರಾ ಬೇರೆ. ಒಪೆರಾದಲ್ಲಿ ಗಂಟಲು ಸಡಿಲ, ಧ್ವನಿಪೆಟ್ಟಿಗೆ ಕೆಳಗೆ, ಸ್ವರದಲ್ಲಿ ಸದಾ ಸಣ್ಣ ತೂಗಾಟ. ಖೂಮಿಯಲ್ಲಿ ಗಂಟಲು ಬಿಗಿ, ದನಿ ಒತ್ತಿ ಹಿಡಿದದ್ದು, ಸ್ವರ ಕಂಬದಂತೆ ನೆಟ್ಟಗೆ. ಖೂಮಿ ಬಂದವನಿಗೆ ಒಪೆರಾ ತಾನಾಗಿ ಬರುತ್ತದೆ ಎಂದು ಹೇಳಿದರೆ ಎರಡೂ ಕಡೆಯ ಗುರುಗಳು ತಲೆಯಾಡಿಸಿ ಇಲ್ಲ ಎಂದಾರು. ಆದರೆ ಚಿಕ್ಕಂದಿನಿಂದ ಇಂಥ ದನಿಗಳ ನಡುವೆ ಬೆಳೆದ ಕಿವಿಯೊಂದು, ಸ್ವರದ ಎತ್ತರವನ್ನಷ್ಟೇ ಅಲ್ಲದೆ ಅದರೊಳಗಿನ ಬಣ್ಣವನ್ನೂ ಹಾಡಿನ ಸಾಮಗ್ರಿಯಾಗಿ ಕೇಳಲು ಕಲಿತಿರುತ್ತದೆಯೆ? ಇದು ಗಂಟಲಿಗೆ ಕೇಳುವ ಪ್ರಶ್ನೆಯಲ್ಲ, ಮಿದುಳಿಗೆ ಕೇಳುವ ಪ್ರಶ್ನೆ.

ಮೂರನೆಯದೂ ಒಂದಿದೆ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು: ಉರ್ತೀನ್ ದೂ, ಅಂದರೆ ನೀಳ ಹಾಡು. ನೀಳ ಎಂದರೆ ಹಾಡು ಉದ್ದ ಎಂದಲ್ಲ, ಅಕ್ಷರ ಉದ್ದ. ನಾಲ್ಕು ನಿಮಿಷದ ಹಾಡಿನಲ್ಲಿ ಹತ್ತು ಪದವಿದ್ದರೆ ಹೆಚ್ಚು. ಒಂದೊಂದು ಸ್ವರಾಕ್ಷರವೂ ತಾಳದ ಹಂಗಿಲ್ಲದೆ ಹರಡಿ, ಬಳುಕಿ, ಶುರಂಖೈ ಎಂಬ ಕಳ್ಳದನಿಯ ಏರಿಗೆ ಹಾರಿ, ಮತ್ತೆ ಎದೆಗೆ ಇಳಿಯುತ್ತದೆ. ನಮ್ಮ ಆಲಾಪನೆ ಕೇಳಿ ಬೆಳೆದವರಿಗೆ ಇದು ಮೊದಲ ಸಲಕ್ಕೇ ಎಲ್ಲೋ ತಟ್ಟುತ್ತದೆ. ನಾಮ್ಜಿಲೀನ್ ನೊರೊವ್‌ಬಂಜದ್ ಎಂಬ ಮಹಾಗಾಯಕಿ (1931-2002) ಇದನ್ನು ಜಗತ್ತಿಗೆ ಕೇಳಿಸಿದರು. ಜಪಾನಿನ ಫುಕುವೋಕಾ ಪ್ರಶಸ್ತಿ ಅವರಿಗೆ 1993ರಲ್ಲಿ ಬಂತು.

ಸ್ಕ್ಯಾನರ್‌ನೊಳಗೆ ಮಲಗಿ ಹಾಡುವುದು

ಮನುಷ್ಯನ ಮಿದುಳಿನ ಚಲನಾಕೇಂದ್ರದಿಂದ ಧ್ವನಿಪೆಟ್ಟಿಗೆಯ ಸ್ನಾಯುಗಳನ್ನು ಆಳುವ ನರಕೋಶಗಳಿಗೆ ನೇರ ತಂತಿ ಇದೆ. ಕೋತಿಗಳಲ್ಲಿ ಆ ದಾರಿ ಬಳಸು. ಅದಕ್ಕೇ ಅವು ಕಿರುಚಬಲ್ಲವು, ಹೊಸ ರಾಗ ಕಲಿಯಲಾರವು. ಈ ನೇರ ದಾರಿ ನಮಗೆಲ್ಲರಿಗೂ ಇದೆ. ಹಾಗಾದರೆ ವರ್ಷಗಟ್ಟಲೆ ಸಾಧನೆ ಮಾಡಿದವರ ಮಿದುಳಿನಲ್ಲಿ ಹೆಚ್ಚಿಗೆ ಏನಿರುತ್ತದೆ?

ಈ ಪ್ರಶ್ನೆಗೆ ದೊಡ್ಡ ಉತ್ತರ ಬಂದದ್ದು 2010ರಲ್ಲಿ, ನರವಿಜ್ಞಾನಿ ಬೋರಿಸ್ ಕ್ಲೇಬರ್ ಮತ್ತು ಅವರ ಜೊತೆಗಾರರ ಅಧ್ಯಯನದಿಂದ. ಹತ್ತು ಮಂದಿ ವೃತ್ತಿಪರ ಒಪೆರಾ ಗಾಯಕರು, 21 ಮಂದಿ ಗಾಯನದ ವಿದ್ಯಾರ್ಥಿಗಳು, ಹಾಡು ಕಲಿಯದ 18 ಮಂದಿ, ಒಟ್ಟು 49 ಜನ, ರಕ್ತದ ಹರಿವಿನಿಂದ ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಹಾಡಿದರು. ಹೇಳಲು ಸುಲಭ, ಮಾಡಲು ಕಷ್ಟ. ಕಿರಿದಾದ ಕೊಳವೆಯಲ್ಲಿ ಅಂಗಾತ ಮಲಗಿರಬೇಕು. ತಲೆ ಕೆಲವು ಮಿಲಿಮೀಟರ್ ಅಲ್ಲಾಡಿದರೂ ಚಿತ್ರ ಕೆಟ್ಟಿತು. ಯಂತ್ರದ ಬಡಿತವೋ ಸುತ್ತಿಗೆಯ ಏಟಿನಂತೆ. ಆದ್ದರಿಂದ ಯಂತ್ರ ಸುಮ್ಮನಿರುವ ಸಣ್ಣ ಬಿಡುವಿನಲ್ಲಿ ಹಾಡಿಸಿ, ಹಾಡು ನಿಂತ ಮೇಲೆ ಚಿತ್ರ ತೆಗೆಯುತ್ತಾರೆ. ರಕ್ತದ ಹರಿವು ಕೆಲವು ಸೆಕೆಂಡು ತಡವಾಗಿ ಬದಲಾಗುವುದರಿಂದ ಇದು ಸಾಧ್ಯ.

ಸಿಕ್ಕ ಫಲಿತಾಂಶ ಹಾಡು ಕಲಿತವರಿಗೆ ರೋಮಾಂಚನ ತರುವಂಥದ್ದು. ಅನುಭವ ಹೆಚ್ಚಿದಷ್ಟೂ ಹೆಚ್ಚು ಬೆಳಗಿದ್ದು ಮುಖ್ಯವಾಗಿ ಸ್ಪರ್ಶಸಂವೇದನೆಯ ಪ್ರದೇಶ, ಅದರಲ್ಲೂ ಧ್ವನಿಪೆಟ್ಟಿಗೆ ಮತ್ತು ಬಾಯಿಗೆ ಮೀಸಲಾದ ಭಾಗ. ಅದರ ಜೊತೆಗೆ ಚಲನೆಯ ಅಭ್ಯಾಸಗಳನ್ನು ಕಾಯ್ದಿಡುವ ಆಳದ ಕೇಂದ್ರಗಳು ಮತ್ತು ಕಿರುಮಿದುಳು. ಒಪೆರಾ ಗುರುಗಳು ‘ನಿನ್ನ ದನಿಯನ್ನು ಕೇಳಿಸಿಕೊಳ್ಳಬೇಡ, ಅನುಭವಿಸು’ ಎಂದು ನೂರಾರು ವರ್ಷದಿಂದ ಹೇಳುತ್ತ ಬಂದಿದ್ದಾರೆ. ಅದಕ್ಕೆ ಕಾರಣವಿದೆ: ಪ್ರತಿ ಸಭಾಂಗಣದಲ್ಲೂ ದನಿ ಬೇರೆಯಾಗಿ ಮರಳುತ್ತದೆ, ವಾದ್ಯವೃಂದ ಕಿವಿ ತುಂಬುತ್ತದೆ, ಸ್ವಂತ ದನಿ ತಲೆಬುರುಡೆಯ ಮೂಲಕ ಬೇರೆಯೇ ಆಗಿ ಕೇಳುತ್ತದೆ. ಕಿವಿಯನ್ನು ನಂಬುವಂತಿಲ್ಲ, ಎದೆಯ ಕಂಪನ, ಅಂಗುಳಿನ ಕಂಪನ, ಪಕ್ಕೆಯ ಬಿಗುವು, ಇವನ್ನೇ ನಂಬಬೇಕು. ಆ ನಂಬಿಕೆಯ ಗುರುತು ಮಿದುಳಿನಲ್ಲಿ ಕಂಡಿತ್ತು.

ಅದೇ ಕ್ಲೇಬರ್ 2013ರಲ್ಲಿ ಇನ್ನೂ ಧೈರ್ಯದ ಪ್ರಯೋಗ ಮಾಡಿದರು. 17 ಗಾಯಕರು ಮತ್ತು ಗಾಯಕರಲ್ಲದ 12 ಮಂದಿಯ ಧ್ವನಿತಂತುಗಳಿಗೆ ಅರಿವಳಿಕೆ ಹಾಕಿ ಹಾಡಿಸಿದರು. ಗಂಟಲಿಗೆ ಸ್ಪರ್ಶವೇ ಗೊತ್ತಾಗದಾಗ ಎಲ್ಲರ ಶ್ರುತಿಯೂ ಕದಲಿತು, ಆದರೆ ಗಾಯಕರದು ಕಡಿಮೆ ಕದಲಿತು. ಬಲಬದಿಯ ಮುಂಭಾಗದ ಇನ್ಸುಲಾ ಎಂಬ, ಮೈಯೊಳಗಿನ ಸುದ್ದಿಯನ್ನು ಒಟ್ಟುಗೂಡಿಸುವ ಭಾಗದಲ್ಲಿ ಇದರ ಸುಳಿವು ಕಂಡಿತು. ಪಳಗಿದ ಮಿದುಳು ಕಿವಿ ಮತ್ತು ಸ್ಪರ್ಶದ ಸುದ್ದಿಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂದು ಸಂದರ್ಭ ನೋಡಿ ತೀರ್ಮಾನಿಸುತ್ತದೆ ಎಂದು ಇದರಿಂದ ತಿಳಿದೆವು. ಹಾಡುವಾಗ ತನ್ನ ದನಿಯನ್ನೇ ಕಿವಿಗೆ ತಪ್ಪು ಶ್ರುತಿಯಲ್ಲಿ ಕೇಳಿಸಿದರೂ ಅದನ್ನು ಕಡೆಗಣಿಸಿ ಹಾಡಬಲ್ಲ ಗಾಯಕರ ಬಗ್ಗೆ ಮಾಂಟ್ರಿಯಲ್‌ನ ಜೀನ್ ಮೇರಿ ಜರಾಟೆ ಮತ್ತು ರಾಬರ್ಟ್ ಜತೋರ್ 2008ರಲ್ಲೇ ಬರೆದಿದ್ದರು.

ಇಲ್ಲಿ ಎಚ್ಚರವೂ ಬೇಕು. ವೃತ್ತಿಪರರು ಹತ್ತು ಮಂದಿ, ಹದಿನೇಳು ಮಂದಿ, ಸಂಖ್ಯೆ ಸಣ್ಣದು. ಸಾಧನೆಯಿಂದ ಮಿದುಳು ಹೀಗಾಯಿತೋ, ಹೀಗಿದ್ದ ಮಿದುಳಿನವರೇ ಗಾಯಕರಾದರೋ ಎನ್ನುವುದನ್ನು ಒಂದು ದಿನದ ಚಿತ್ರ ಹೇಳಲಾರದು. ವಿದ್ಯಾರ್ಥಿಗಳು ಅರ್ಧ ದಾರಿಯಲ್ಲಿ ಕಾಣಿಸಿದ್ದು ಸಾಧನೆಯ ಕಡೆಗೆ ಬೆರಳು ತೋರಿಸುತ್ತದೆ, ಅಷ್ಟೇ.

ಯಾರ ಹಾಡು, ಯಾರ ಕಿವಿ

ಆ 49 ಜನ ಹಾಡಿದ್ದು ಒಂದು ಇಟಾಲಿಯನ್ ಆರಿಯಾ, ಅಂದರೆ ಒಬ್ಬರೇ ಹಾಡುವ ಗೀತೆ. ಪ್ರಯೋಗಕ್ಕೆ ಅದು ಸರಿಯಾದ ಆಯ್ಕೆಯೇ, ಅವರೆಲ್ಲ ಆ ಸಂಪ್ರದಾಯದವರು. ಆದರೆ ಈ ವಿಜ್ಞಾನದ ಬಹುಪಾಲು ಹೀಗೇ ಕಟ್ಟಿದ್ದು: ಯುರೋಪ್, ಉತ್ತರ ಅಮೆರಿಕದ ಪ್ರಯೋಗಾಲಯ, ಅಲ್ಲಿಯ ವಿದ್ಯಾರ್ಥಿಗಳು, ಅಲ್ಲಿಯ ಸಂಗೀತ. ಅದರಿಂದ ಬಂದ ತೀರ್ಮಾನವನ್ನು ‘ಮನುಷ್ಯನ ಮಿದುಳು’ ಎಂದು ಕರೆದುಬಿಡುತ್ತೇವೆ. ಅದು ಎಲ್ಲಿ ತಪ್ಪುತ್ತದೆ ಎಂದು 2016ರಲ್ಲಿ ಸ್ಪಷ್ಟವಾಗಿ ಕಂಡಿತು. ಜೋಶ್ ಮೆಕ್‌ಡರ್ಮಟ್ ತಂಡ ಬೊಲಿವಿಯಾದ ಕಾಡಿನ ತ್ಸಿಮಾನೆ ಜನರಿಗೆ, ಪಶ್ಚಿಮದ ಕಿವಿಗೆ ಹಿತವಾದ ಮತ್ತು ಕರ್ಕಶವಾದ ಸ್ವರಜೋಡಿಗಳನ್ನು ಕೇಳಿಸಿತು. ಅವರಿಗೆ ಎರಡೂ ಒಂದೇ ಸಮನಾಗಿ ಹಿತ. ಹುಟ್ಟಿನಿಂದಲೇ ಬರುತ್ತದೆ ಎಂದು ಬಹಳ ಜನ ಭಾವಿಸಿದ್ದ ಸಂಗತಿಯೊಂದು ರೂಢಿಯಿಂದ ಬಂದದ್ದಾಗಿತ್ತು.

2022ರ ಇನ್ನೊಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನ ಮೇಲೆ ವಿದ್ಯುದ್ವಾರ ಇರಿಸಿಕೊಂಡಿದ್ದ ಅಮೆರಿಕದ 15 ರೋಗಿಗಳಿಗೆ ಸ್ಯಾಮ್ ನಾರ್ಮನ್-ಹೇನ್ಯೇರ್ ತಂಡ 165 ಬಗೆಯ ಸದ್ದುಗಳನ್ನು ಕೇಳಿಸಿತು. ಮಾತಿಗೂ ಅಲ್ಲ, ವಾದ್ಯಕ್ಕೂ ಅಲ್ಲ, ಹಾಡಿಗೆ ಮಾತ್ರ ಜೋರಾಗಿ ಮಿಡಿಯುವ ನರಕೋಶಗಳ ಗುಂಪೊಂದು ಶ್ರವಣ ಪ್ರದೇಶದಲ್ಲಿ ಸಿಕ್ಕಿತು. ಓದಿದ ದಿನವೇ ನನ್ನನ್ನು ಹಿಡಿದ ಯೋಚನೆ: ಖೂಮಿ ಕೇಳಿದರೆ ಆ ಕೋಶಗಳು ಏನು ಮಾಡುತ್ತವೆ? ಅದು ಕಂಠದಿಂದಲೇ ಬಂದದ್ದು, ಆದರೆ ಪದವಿಲ್ಲ, ಮೇಲಿನ ಸ್ವರ ಕೊಳಲಿನಂತೆ. ಹಾಡು ಎನ್ನುತ್ತವೆಯೆ, ವಾದ್ಯ ಎನ್ನುತ್ತವೆಯೆ? ಖೋವ್ದ್‌ನಲ್ಲಿ ಹುಟ್ಟಿದವನ ಮಿದುಳು ಒಂದು ಹೇಳಿ, ನ್ಯೂಯಾರ್ಕಿನವನ ಮಿದುಳು ಇನ್ನೊಂದು ಹೇಳಿದರೆ? ಈ ಪ್ರಶ್ನೆ ಖೂಮಿ ಕೇಳಿ ಬೆಳೆದವರಿಗೆ ಮೊದಲ ದಿನವೇ ಹೊಳೆಯುತ್ತದೆ. ಕೇಳದವರಿಗೆ ಪ್ರಯೋಗ ಮುಗಿದ ಮೇಲೂ ಹೊಳೆಯದಿರಬಹುದು.

ಹಾಡುಗಾರರು ವಿಜ್ಞಾನಕ್ಕೆ ಬರುವುದು ಹೊಸದೇನಲ್ಲ. ಕೆನಡಾ ಮೂಲದ ಇಂದ್ರೆ ವಿಸ್ಕೊಂಟಾಸ್ ಸೊಪ್ರಾನೊ (ಹೆಂಗಸರ ಏರುದನಿಯ) ಗಾಯಕಿ, ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದವರು. ಅಮೆರಿಕದ ಖ್ಯಾತ ಸೊಪ್ರಾನೊ ರೆನೀ ಫ್ಲೆಮಿಂಗ್ 2017ರಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸ್ಕ್ಯಾನರ್‌ನಲ್ಲಿ ಸುಮಾರು ಎರಡು ತಾಸು ಮಲಗಿದರು. ಒಂದೇ ಹಾಡನ್ನು ಮಾತಿನಂತೆ ನುಡಿದರು, ಹಾಡಿದರು, ಹಾಡುತ್ತಿರುವಂತೆ ಕಲ್ಪಿಸಿಕೊಂಡರು. ಹೆಚ್ಚು ಚಟುವಟಿಕೆ ಕಂಡದ್ದು ಕಲ್ಪನೆಯಲ್ಲಿ! ಹಾಡುವುದು ಅವರಿಗೆ ಉಸಿರಾಟದಷ್ಟು ರೂಢಿ, ಸದ್ದಿಲ್ಲದೆ ಹಾಡುವುದೇ ಶ್ರಮ ಎಂಬುದು ಅದಕ್ಕೆ ಕೊಟ್ಟ ವಿವರಣೆ. ಆ ಸಂಸ್ಥೆ ಮತ್ತು ವಾಷಿಂಗ್ಟನ್ನಿನ ಕಲಾಕೇಂದ್ರವಾದ ಕೆನಡಿ ಸೆಂಟರ್ ಸೇರಿ ಕಟ್ಟಿದ ಸಂಗೀತ-ಆರೋಗ್ಯ ಯೋಜನೆಗೆ 2019ರಲ್ಲಿ 2 ಕೋಟಿ ಡಾಲರ್ ಸಂಶೋಧನಾ ಹಣ ಘೋಷಣೆಯಾಯಿತು. ನಮ್ಮಲ್ಲೂ ಇಂಥವರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ಸಂಬಂಧ ಅರಸುವ ಪ್ರಯೋಗಾಲಯ ಕಟ್ಟಿದ ಡಾ. ಶಾಂತಲಾ ಹೆಗ್ಡೆ ಹಿಂದೂಸ್ತಾನಿ ಗಾಯನ ಕಲಿತವರು. ರಾಗವನ್ನು ಒಳಗಿನಿಂದ ಬಲ್ಲವರು ಪ್ರಯೋಗ ರೂಪಿಸುವುದಕ್ಕೂ, ‘ಭಾರತೀಯ ಸಂಗೀತದ ತುಣುಕು’ ಎಂದು ಎಲ್ಲಿಂದಲೋ ಇಳಿಸಿಕೊಂಡ ಧ್ವನಿಮುದ್ರಿಕೆಯನ್ನು ಕೇಳಿಸುವುದಕ್ಕೂ ಅಜಗಜಾಂತರ.

ಈ ದಿಕ್ಕಿನಲ್ಲಿ ನನಗೆ ಬಹಳ ಹಿಡಿಸಿದ ಪ್ರಯತ್ನ 2024ರಲ್ಲಿ ಪ್ರಕಟವಾಯಿತು. ಜಗತ್ತಿನ 75 ಸಂಶೋಧಕರು, 55 ಭಾಷೆಗಳಲ್ಲಿ, ತಮ್ಮ ತಮ್ಮ ಸಂಪ್ರದಾಯದ ಹಾಡನ್ನು ತಾವೇ ಹಾಡಿದರು. ಅದರ ಸಾಹಿತ್ಯವನ್ನು ಓದಿದರು, ಅದರ ಬಗ್ಗೆ ಮಾತಾಡಿದರು, ವಾದ್ಯದಲ್ಲಿ ನುಡಿಸಿದರು. ಎಲ್ಲೆಡೆ ಹಾಡು ಮಾತಿಗಿಂತ ನಿಧಾನ, ಮೇಲಿನ ಶ್ರುತಿಯದು, ಸ್ವರ ಹೆಚ್ಚು ಸ್ಥಿರ ಎಂದು ಕಂಡಿತು. ಇಲ್ಲಿ ಸಂಶೋಧಕನೇ ಹಾಡುಗಾರ. ಪರೀಕ್ಷೆಗೆ ಒಳಗಾದವನೂ ಲೇಖಕನೂ ಒಬ್ಬನೇ.

ಸಂಗೀತದ ಹೆಸರಿನಲ್ಲಿ ನಡೆಯುವ ಮಾರಾಟ

ಸಂಗೀತ-ಮಿದುಳು ಎಂದೊಡನೆ ವಾಟ್ಸ್ಆ್ಯಪ್‌ಗೆ ಬರುವುದು ಬೇರೆಯೇ ಸರಕು. ಇಂಥ ರಾಗಕ್ಕೆ ರಕ್ತದೊತ್ತಡ ಇಳಿಯುತ್ತದೆ, ಇಷ್ಟು ಹರ್ಟ್ಸ್ ಕೇಳಿದರೆ ಜೀವಕೋಶ ರಿಪೇರಿಯಾಗುತ್ತದೆ. ಮಂಗೋಲಿಯಾದ ಖೂಮಿಯನ್ನೂ ಈಗ ‘ಗುಣಪಡಿಸುವ ಕಂಪನ’ ಎಂದು ಪೊಟ್ಟಣ ಕಟ್ಟಿ ಮಾರುವವರಿದ್ದಾರೆ. ಇದು ಆ ಕಲೆಗೂ ಅವಮಾನ, ಕಾಯಿಲೆ ಬಿದ್ದವರಿಗೂ ಅನ್ಯಾಯ.

ಹಿಂದೆ ಒಮ್ಮೆ ನಾವು ಇದನ್ನು ನೋಡಿದ್ದೇವೆ. 1993ರಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟ್ ಕೇಳಿಸಿದಾಗ ಒಂದು ಬಗೆಯ ಚಿತ್ರ-ತರ್ಕದ ಪರೀಕ್ಷೆಯಲ್ಲಿ ಅಂಕ ಸ್ವಲ್ಪ ಏರಿತು. ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಅದು ಬೆಳೆದು ಬೆಳೆದು, 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟುವ ಪ್ರತಿ ಮಗುವಿಗೂ ಸಂಗೀತದ ಸಿ.ಡಿ. ಕೊಡಲು ಸರ್ಕಾರಿ ಹಣ ಕೇಳುವವರೆಗೆ ಹೋಯಿತು. ನಂತರದ ಪರಿಶೀಲನೆಗಳಲ್ಲಿ ಆ ಪರಿಣಾಮ ಕರಗಿಹೋಯಿತು.

ನಿಜವಾಗಿ ಸಿಕ್ಕಿರುವುದು ಇದಕ್ಕಿಂತ ಶಾಂತವಾದದ್ದು, ಇದಕ್ಕಿಂತ ಬೆಲೆಯುಳ್ಳದ್ದು. 2008ರಲ್ಲಿ ಫಿನ್‌ಲೆಂಡಿನ ತೆಪ್ಪೊ ಸಾರ್ಕಾಮೊ ತಂಡ, ಪಾರ್ಶ್ವವಾಯುವಾದ 60 ರೋಗಿಗಳನ್ನು ಮೂರು ಗುಂಪು ಮಾಡಿತು. ಒಂದು ಗುಂಪು ಎರಡು ತಿಂಗಳು ದಿನವೂ ತಮಗೆ ಇಷ್ಟವಾದ ಸಂಗೀತ ಕೇಳಿತು, ಇನ್ನೊಂದು ಧ್ವನಿಪುಸ್ತಕ, ಮೂರನೆಯದು ಎರಡೂ ಇಲ್ಲ. ಸಂಗೀತ ಕೇಳಿದವರ ಮಾತಿನ ನೆನಪು ಮತ್ತು ಗಮನ ಹೆಚ್ಚು ಚೇತರಿಸಿತು. 2011ರಲ್ಲಿ ವಲೋರಿ ಸಲಿಂಪೂರ್ ಮತ್ತು ಜತೋರ್, ಹಾಡಿನ ಜುಮ್ಮೆನಿಸುವ ಘಳಿಗೆಯಲ್ಲಿ ಮಿದುಳಿನಲ್ಲಿ ಡೋಪಮಿನ್ ಎಂಬ, ಸುಖಾನುಭವಕ್ಕೆ ಸಂಬಂಧಿಸಿದ ರಾಸಾಯನಿಕ ಬಿಡುಗಡೆಯಾಗುವುದನ್ನು ತೋರಿಸಿದರು. ಆ ಘಳಿಗೆ ಬರಲಿದೆ ಎಂದು ಕಾಯುವಾಗಲೂ ಮತ್ತೊಂದು ಜಾಗದಲ್ಲಿ ಬಿಡುಗಡೆಯಾಗುತ್ತಿತ್ತು. ಕಾಯಲು ಗೊತ್ತಿರಬೇಕಾದರೆ ಆ ಸಂಗೀತದ ನಡೆ ಗೊತ್ತಿರಬೇಕು. ಈ ಎರಡೂ ಪ್ರಯೋಗಗಳಲ್ಲಿ ಹಾಡನ್ನು ಆಯ್ದವರು ಕೇಳುವವರೇ ಎಂಬುದನ್ನು ಮರೆಯಬಾರದು.

ಮಾತು ಹೋದವರ ಸಂಗತಿ ಇನ್ನೂ ಹೃದಯಕ್ಕೆ ಹತ್ತಿರ. ಸ್ವೀಡನ್ನಿನ ಉಲೋಫ್ ದಾಲಿನ್ 1745ರಲ್ಲೇ ಒಬ್ಬ ರೋಗಿಯ ಬಗ್ಗೆ ಬರೆದಿದ್ದರು: ಮಾತು ಪೂರಾ ನಿಂತುಹೋದವನು ತಿಳಿದ ಭಕ್ತಿಗೀತೆಗಳನ್ನು ಪದಸಮೇತ ಹಾಡುತ್ತಿದ್ದ. ಇದೇ ಎಳೆ ಹಿಡಿದು 1973ರಲ್ಲಿ ಬಾಸ್ಟನ್‌ನಲ್ಲಿ ಸ್ವರದ ಏರಿಳಿತದ ಮೂಲಕ ಮಾತು ಮರಳಿಸುವ ಚಿಕಿತ್ಸೆ ರೂಪುಗೊಂಡಿತು. ಚಿಕಿತ್ಸಕರು ರೋಗಿಯ ಎಡಗೈಯನ್ನು ಲಯಕ್ಕೆ ತಟ್ಟಿಸುತ್ತ ‘ನೀರು ಬೇಕು’ ಎಂಬಂಥ ಸಣ್ಣ ಮಾತನ್ನು ಎರಡು ಸ್ವರದಲ್ಲಿ ಹಾಡಿಸಿ, ಮೆಲ್ಲಗೆ ಮಾತಿಗೆ ಇಳಿಸುತ್ತಾರೆ. ಅದು ಹುಟ್ಟಿದ್ದು ಇಂಗ್ಲಿಷಿನ ಒತ್ತು-ಇಳಿವಿನ ಮೇಲೆ. ಮಂಗೋಲ್ ಭಾಷೆಯ ನಡಿಗೆ ಬೇರೆ. ಅಲ್ಲಿ ಒಂದು ಪದದ ಸ್ವರಾಕ್ಷರಗಳು ಒಂದೇ ಬಳಗಕ್ಕೆ ಸೇರಿರಬೇಕು, ದೀರ್ಘ-ಹ್ರಸ್ವದಿಂದ ಅರ್ಥ ಬದಲಾಗುತ್ತದೆ. ಪಾರ್ಶ್ವವಾಯು ದೊಡ್ಡ ಪಿಡುಗಾಗಿರುವ ಆ ದೇಶದಲ್ಲಿ ಮಾತು ಕಳೆದುಕೊಂಡ ಮುದುಕನೊಬ್ಬನಿಗೆ ಯಾವ ಹಾಡು ನಾಲಗೆಯ ತುದಿಯಲ್ಲಿ ಇನ್ನೂ ಉಳಿದಿರುತ್ತದೆ, ಅದರ ಯಾವ ತಿರುವಿನಲ್ಲಿ ಪದ ಸಲೀಸಾಗಿ ಜಾರಿ ಬರುತ್ತದೆ ಎಂಬುದನ್ನು ಬಲ್ಲವರು ಅಲ್ಲಿಯ ಹಾಡುಗಾರರೇ.

ಗೋಬಿ ಮರುಭೂಮಿಯಲ್ಲಿ, ಮರಿಯನ್ನು ಒಲ್ಲದ ತಾಯಿ ಒಂಟೆಯ ಪಕ್ಕ ಮರಿಯನ್ನು ಕಟ್ಟಿ ‘ಖೂಸ್, ಖೂಸ್’ ಎಂದು ತಾಸುಗಟ್ಟಲೆ ಹಾಡುವ ರೂಢಿಯಿದೆ. ಜೊತೆಗೆ ಕುದುರೆತಲೆಯ ಪಿಟೀಲು ನುಡಿಯುತ್ತದೆ. ಕೊನೆಗೆ ಒಂಟೆ ಮರಿಗೆ ಹಾಲು ಬಿಡುತ್ತದೆ. 2015ರಲ್ಲಿ ಯುನೆಸ್ಕೊ ಇದನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪಟ್ಟಿಗೆ ಸೇರಿಸಿತು, ಏಕೆಂದರೆ ಹಾಡಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ, ಮಕ್ಕಳು ಪಟ್ಟಣಕ್ಕೆ ಹೋಗುತ್ತಿದ್ದಾರೆ. ಮಿದುಳಿನ ಪ್ರಶ್ನೆಗೂ ಆಯಸ್ಸಿದೆ ಎಂದು ಈ ಪಟ್ಟಿ ನೋಡಿದಾಗ ನನಗೆ ಕಳವಳವಾಗುತ್ತದೆ. ಒಪೆರಾ, ಉರ್ತೀನ್ ದೂ, ಖೂಮಿ ಮೂರನ್ನೂ ಮೈಯಲ್ಲಿ ಹೊತ್ತು ಬೆಳೆದ ತಲೆಮಾರು ಈಗ ಇದೆ. ಮುಂದಿನದು ಹಾಗೆಯೇ ಇರುತ್ತದೆ ಎಂದು ಯಾರು ಹೇಳಬಲ್ಲರು?

ಪ್ರಯೋಗ ದೊಡ್ಡದೇನೂ ಆಗಬೇಕಿಲ್ಲ. ಗಾಯಕಿ ಮೊದಲು ಆರಿಯಾದ ಎರಡು ಸಾಲು ಹಾಡಲಿ, ಯಂತ್ರ ಚಿತ್ರ ತೆಗೆಯಲಿ. ಬಳಿಕ ನೀಳ ಹಾಡಿನ ಒಂದೇ ಅಕ್ಷರ, ಶುರಂಖೈ ಸಮೇತ. ಆಮೇಲೆ ಎರಡನ್ನೂ ಸದ್ದಿಲ್ಲದೆ, ಮನಸ್ಸಿನಲ್ಲಿ. ಒಂದರಿಂದ ಇನ್ನೊಂದಕ್ಕೆ ಗಂಟಲು ಹೊರಳುವ ಆ ಘಳಿಗೆಯಲ್ಲಿ ಇನ್ಸುಲಾ ಏನು ಮಾಡುತ್ತದೆ, ಸ್ಪರ್ಶದ ನಕ್ಷೆ ಒಂದೇ ಇದೆಯೋ ಎರಡಿವೆಯೋ ಎಂದು ನೋಡುವುದು. ಉಲಾನ್‌ಬಾತರ್‌ನ ಆಸ್ಪತ್ರೆಗಳಲ್ಲಿ ಎಂಆರ್‌ಐ ಯಂತ್ರಗಳಿವೆ. ಸುಖ್‌ಬಾತರ್ ಚೌಕದ ಬದಿಯಲ್ಲಿ ಒಪೆರಾ ರಂಗಮಂದಿರವಿದೆ. ಗಾಯಕರು ಹತ್ತು ಮಂದಿ ಸಿಕ್ಕರೂ ಶುರು ಮಾಡಬಹುದು. 2010ರ ಅಧ್ಯಯನದಲ್ಲಿದ್ದ ವೃತ್ತಿಪರರೂ ಹತ್ತೇ ಮಂದಿ.